ಸುಮ್ಮನೆ ಹೊರಟವಳು

2026ರ ಸಂಕ್ರಾಂತಿಯ ಹಿಂದಿನ ದಿನ. ಎಳ್ಳು ಬೀರುವುದಕ್ಕೆಂದು ಕೊಬ್ಬರಿ ಹೆಚ್ಚುತ್ತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ನಡುಮನೆಯಲ್ಲಿ ಮಾತಾಡಿಕೊಂಡಿದ್ದ ನನ್ನ ಮಗಳು ಚೈತ್ರಾ ಮತ್ತು ತಂಗಿಯ ಮಗ ಪ್ರಣವ್ ಇದ್ದಕ್ಕಿದ್ದಂತೆ ದನಿ ಏರಿಸಿದರು. ಆಸ್ತಿಯ ಮಾತೋ, ಮದುವೆಯ ಮಾತೋ ಎಂದು ಕಿವಿಗೊಟ್ಟೆ. ಎರಡೂ ಅಲ್ಲ. "ಅವಳನ್ನ ಅಳುಬುರುಕಿ ಮಾಡಿಟ್ರು" ಎನ್ನುತ್ತಿದ್ದಳು ಮಗಳು. "ಮೊದಲು ಅವಳು ಮನುಷ್ಯಳೇ ಆಗಿರ್ಲಿಲ್ಲ ಅಕ್ಕ, ಬರೀ ಗೊಂಬೆ" ಎನ್ನುತ್ತಿದ್ದ ಅವನು. ಯಾರ ಮನೆಯ ಹೆಣ್ಣುಮಗಳಪ್ಪ ಇವಳು, ಹಬ್ಬದ ಹೊತ್ತಿನಲ್ಲಿ ಇವರಿಬ್ಬರ ಬಾಯಿಗೆ ಬಿದ್ದವಳು ಎಂದು ಕೊಬ್ಬರಿ ತಟ್ಟೆ ಪಕ್ಕಕ್ಕಿಟ್ಟು ಎದ್ದು ಹೋದೆ.

ಹೆಣ್ಣುಮಗಳ ಹೆಸರು ಲಾರಾ ಕ್ರಾಫ್ಟ್. ಊರು ಇಂಗ್ಲೆಂಡು. ರಕ್ತ ಮಾಂಸದವಳಲ್ಲ, ಕಂಪ್ಯೂಟರ್ ಆಟದೊಳಗಿನವಳು. ಆಟದ ಹೆಸರು 'ಟೂಮ್ ರೇಡರ್'. ಕಬಡ್ಡಿಯಲ್ಲಿ ರೇಡರ್ ಅನ್ನುತ್ತಾರಲ್ಲ, ಅದೇ ಪದ. ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ಹಾಗೆ ಇವಳು ಹಳೆಯ ಕಾಲದ ಗೋರಿ ಗುಹೆಗಳಿಗೆ ನುಗ್ಗಿ ಅಲ್ಲಿದ್ದದ್ದನ್ನು ಎತ್ತಿಕೊಂಡು ಬರುತ್ತಾಳೆ.

ಇವಳೇನು ನನಗೆ ಹೊಸಬಳಲ್ಲ. ಚೈತ್ರಾ ಮೂರನೆಯದೋ ನಾಲ್ಕನೆಯದೋ ಕ್ಲಾಸಿನಲ್ಲಿದ್ದಾಗ ನಮ್ಮವರು ಯಾರದೋ ಆಫೀಸಿನವರು ಬಿಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದಿದ್ದರು. ಎದುರು ಮನೆಯ ಹುಡುಗ ಒಂದು ಸಿ.ಡಿ. ಕೊಟ್ಟು ಹೋದ. ಬೇಸಿಗೆ ರಜೆ ಪೂರ್ತಿ ಮಗಳು ಆ ಡಬ್ಬದ ಮುಂದೆ. ಪಲ್ಯಕ್ಕೆ ಒಗ್ಗರಣೆ ಹಾಕಿ ಇಣುಕಿದರೆ ಎರಡು ಸೊಂಟಕ್ಕೂ ಪಿಸ್ತೂಲು ಸಿಕ್ಕಿಸಿಕೊಂಡ, ಉದ್ದ ಜಡೆಯ, ಮೊಳಕಾಲ ಮೇಲಿನ ಚಡ್ಡಿಯ ಹುಡುಗಿಯೊಬ್ಬಳು ಬಂಡೆಯಿಂದ ಬಂಡೆಗೆ ಹಾರುತ್ತಿದ್ದಳು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಕೂತೆ. ಕಾಲು ಗಂಟೆಯಲ್ಲಿ ಅವಳನ್ನು ಒಂಬತ್ತು ಸಲ ಪ್ರಪಾತಕ್ಕೆ ಬೀಳಿಸಿದೆ. ಹತ್ತನೆಯ ಸಲ ಆಚೆ ದಡಕ್ಕೆ ಹಾರಿಸಿದಾಗ ನನ್ನ ಎದೆ ಹೊಡೆದುಕೊಂಡ ರೀತಿಯನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಜಗಳ ಅರ್ಥವಾಗಬೇಕಾದರೆ ಸ್ವಲ್ಪ ಇತಿಹಾಸ ಬೇಕು. ಸಮಾಜ ಪಾಠ ಹೇಳುವವಳು, ಅದನ್ನು ಬಿಟ್ಟು ಮುಂದೆ ಹೋಗಲಾರೆ.

ಇಂಗ್ಲೆಂಡಿನ ಡರ್ಬಿ ಎಂಬ ಊರಿನಲ್ಲಿ ಕೋರ್ ಡಿಸೈನ್ ಎಂಬ ಸಣ್ಣ ಕಂಪನಿ 1996ರಲ್ಲಿ ಮೊದಲ ಆಟವನ್ನು ಹೊರತಂದಿತು. ಲಾರಾಳನ್ನು ರೂಪಿಸಿದವನು ಟೋಬಿ ಗಾರ್ಡ್ ಎಂಬ ಯುವಕ. ಆಟ ಲೋಕಪ್ರಸಿದ್ಧವಾಯಿತು. ಎಷ್ಟರಮಟ್ಟಿಗೆಂದರೆ ಡರ್ಬಿಯವರು 2010ರಲ್ಲಿ ತಮ್ಮೂರಿನ ಹೊಸ ರಸ್ತೆಯೊಂದಕ್ಕೆ ಅವಳ ಹೆಸರನ್ನೇ ಇಟ್ಟರು. ನಮ್ಮಲ್ಲಿ ರಸ್ತೆಗೆ ಹೆಸರಿಡುವುದಕ್ಕೆ ಸಾಯಬೇಕು. ಅವಳು ಹುಟ್ಟದೆಯೇ ಪಡೆದಳು. ಆದರೆ ರೂಪಿಸಿದವನಿಗೆ ಸಂತೋಷವಾಗಲಿಲ್ಲ. ಜಾಹೀರಾತಿನವರು ಅವಳ ಬುದ್ಧಿಯನ್ನೂ ಕಾಲಿನ ಕಸುವನ್ನೂ ಬಿಟ್ಟು ಎದೆಯನ್ನೇ ಮುಂದೆ ಮಾಡಿ ಮಾರತೊಡಗಿದ್ದು ಹಿಡಿಸದೆ ಅವನು 1997ರಲ್ಲಿ ಕಂಪನಿ ಬಿಟ್ಟು ಹೋದ. ಸ್ವಂತ ಮಗಳನ್ನು ಸಂತೆಯಲ್ಲಿ ಬಿಟ್ಟು ಬಂದ ಹಾಗೆ ಆಗಿರಬೇಕು ಪಾಪ.

ಆಟದ ಅಭಿಮಾನಿಗಳಲ್ಲಿ ಕೆಲವರು ಅವಳ ಬಟ್ಟೆ ಕಳಚಿ ತೋರಿಸುವ ಕಳ್ಳ ತಂತ್ರಾಂಶವನ್ನೂ ಮಾಡಿ ಹಂಚಿದರು. ಇಂಥವರಿಗೇ ಬುದ್ಧಿ ಹೇಳಲೋ ಎಂಬಂತೆ ಎರಡನೆಯ ಆಟದ ಕೊನೆಯಲ್ಲಿ ಒಂದು ದೃಶ್ಯವಿದೆ. ಎಲ್ಲ ಮುಗಿದು ಲಾರಾ ಸ್ನಾನಕ್ಕೆ ಹೊರಡುತ್ತಾಳೆ. ನೋಡುತ್ತ ಕೂತಿರುವವನ ಕಡೆ ತಿರುಗಿ ಬಂದೂಕು ಎತ್ತಿ ಢಮ್ಮೆಂದು ಹೊಡೆಯುತ್ತಾಳೆ. ಆಟ ಅಲ್ಲಿಗೆ ಮುಗಿಯುತ್ತದೆ. ಬಸ್ಸಿನಲ್ಲಿ ದಿನಾ ಓಡಾಡುವ ನನ್ನಂಥವಳಿಗೆ ಆ ದೃಶ್ಯದ ಸುಖ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

2003ರಲ್ಲಿ ಬಂದ ಆಟ ಸೋತಿತು. ಹುಡುಗಿಯನ್ನು ಡರ್ಬಿಯವರ ಕೈಯಿಂದ ತೆಗೆದು ಕ್ಯಾಲಿಫೋರ್ನಿಯಾದ ಕ್ರಿಸ್ಟಲ್ ಡೈನಮಿಕ್ಸ್ ಎಂಬವರಿಗೆ ಒಪ್ಪಿಸಿದರು. ಅವರು 2006ರಲ್ಲಿ ಒಂದು ಸಲ ಹೊಸದಾಗಿ ಶುರು ಮಾಡಿದರು. 2013ರಲ್ಲಿ ಅದನ್ನೂ ಅಳಿಸಿ ಮತ್ತೊಂದು ಸಲ ಶುರು ಮಾಡಿದರು. ಇದಕ್ಕೆ ರೀಬೂಟ್ ಎಂದು ಹೆಸರು. ಕಂಪ್ಯೂಟರ್ ಕೈಕೊಟ್ಟಾಗ ಆರಿಸಿ ಮತ್ತೆ ಹಚ್ಚುತ್ತೇವಲ್ಲ, ಹಾಗೆ ಕಥೆಯನ್ನೇ ಆರಿಸಿ ಹಚ್ಚುವುದು. ಹಳೆಯ ಲಾರಾ ಹುಟ್ಟಿದ್ದು 1968ರ ಫೆಬ್ರವರಿ 14ರಂದು ಎಂದು ಡರ್ಬಿಯವರು ಬರೆದಿದ್ದರು. ಅಂದರೆ ನನಗಿಂತ ಎರಡು ವರ್ಷ ದೊಡ್ಡವಳು. ಹೊಸಬರು ತಾರೀಖು ಅದೇ ಇಟ್ಟು ಇಸವಿಯನ್ನು 1992 ಮಾಡಿದರು. ನಮ್ಮ ಕಡೆ ಗಂಡಿನ ಕಡೆಯವರಿಗೆ ಜಾತಕ ಕೊಡುವಾಗ ಹುಡುಗಿಯ ವಯಸ್ಸು ಒಂದೆರಡು ವರ್ಷ ಇಳಿಸುವುದುಂಟು. ಇವರು ಒಟ್ಟಿಗೇ ಇಪ್ಪತ್ತನಾಲ್ಕು ಇಳಿಸಿಬಿಟ್ಟರು!

ಈಗ ಜಗಳಕ್ಕೆ ಬರುತ್ತೇನೆ. ಹಳೆಯ ಲಾರಾ ಯಾಕೆ ಹೋಗುತ್ತಿದ್ದಳು? 1996ರ ಆಟದಲ್ಲಿ ಅವಳು ಮೊದಲು ಕಾಣಿಸಿಕೊಳ್ಳುವುದು ಬೇರೆಲ್ಲೂ ಅಲ್ಲ, ನಮ್ಮ ಕಲ್ಕತ್ತದ ಒಂದು ಹೋಟೆಲಿನಲ್ಲಿ. ಅಲ್ಲಿ ಅವಳಿಗೆ ಕೆಲಸ ಒಪ್ಪಿಸುವವರು ಹಣದ ಮಾತೆತ್ತುತ್ತಾರೆ. ತಾನು ಹೋಗುವುದು ಹಣಕ್ಕಲ್ಲ, ಹೋಗುವ ಖುಷಿಗೆ ಎಂಬರ್ಥದಲ್ಲಿ ಅವಳು ಉತ್ತರ ಕೊಡುತ್ತಾಳೆ. ಎದ್ದು ಪೆರು ದೇಶದ ಹಿಮದ ಬೆಟ್ಟಕ್ಕೆ ಹೊರಡುತ್ತಾಳೆ. ಅಷ್ಟೇ ಕಾರಣ. ಮನಸ್ಸಿಗೆ ಬಂತು, ಹೋದಳು.

2013ರ ಲಾರಾ ಇಪ್ಪತ್ತೊಂದು ವರ್ಷದವಳು. ಜಪಾನಿನ ಬಳಿ ಹಡಗು ಒಡೆದು ಯಮತಾಯಿ ಎಂಬ ದ್ವೀಪಕ್ಕೆ ಬಂದು ಬೀಳುತ್ತಾಳೆ. ಶುರುವಿನಲ್ಲೇ ಅವಳ ಪಕ್ಕೆಗೆ ಸರಳು ನಾಟುತ್ತದೆ. ಅದನ್ನು ತಾನೇ ಕಿತ್ತುಕೊಳ್ಳುತ್ತಾಳೆ. ಮುಂದೆ ಬೀಳುವುದು, ಕೆಸರು, ರಕ್ತ, ನಡುಕ, ಚೀರಾಟ. ಆಡುವವನ ಕೈ ತಪ್ಪಿದರೆ ಅವಳು ಸಾಯುವ ಒಂದೊಂದು ಬಗೆಯನ್ನೂ ಹತ್ತಿರದಿಂದ ತೋರಿಸುತ್ತಾರೆ. ಪ್ರಣವ್ ಲ್ಯಾಪ್‌ಟಾಪಿನಲ್ಲಿ ನನಗೆ ಆಡಿ ತೋರಿಸಿದ. ನದಿಯಲ್ಲಿ ಕೊಚ್ಚಿಕೊಂಡು ಬರುವಾಗ ಚೂಪು ಕಂಬವೊಂದು ಅವಳ ಕುತ್ತಿಗೆಗೆ ಚುಚ್ಚಿಕೊಂಡಿತು. ನಾನು ಮುಖ ತಿರುಗಿಸಿದೆ. "ಇರಿ ದೊಡ್ಡಮ್ಮ, ಮತ್ತೆ ಎದ್ದೇಳ್ತಾಳೆ" ಎಂದು ಅವನು ಸಮಾಧಾನ ಮಾಡಿದ. ನಿಜ, ಎದ್ದಳು. ಮತ್ತೆ ಚುಚ್ಚಿಸಿಕೊಳ್ಳಲು.

ಆ ಆಟ ಬರುವ ಮೊದಲೇ, 2012ರಲ್ಲಿ, ನಿರ್ಮಾಪಕರಲ್ಲೊಬ್ಬರು ಪತ್ರಿಕೆಯವರ ಮುಂದೆ ಆಡಿದ ಮಾತು ದೊಡ್ಡ ಗದ್ದಲವೆಬ್ಬಿಸಿತ್ತು. ಆಡುವವರಿಗೆ ತಾವೇ ಲಾರಾ ಅನ್ನಿಸುವುದಿಲ್ಲ, ಅವಳನ್ನು ಕಾಪಾಡಬೇಕು ಅನ್ನಿಸುತ್ತದೆ ಎಂಬುದು ಆ ಮಾತಿನ ಸಾರ. ದ್ವೀಪದ ಗಂಡಸರು ಅವಳ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾರೆ ಎಂದೂ ಹೇಳಿಬಿಟ್ಟರು. ಜನ ತಿರುಗಿಬಿದ್ದ ಮೇಲೆ, ಲೈಂಗಿಕ ದೌರ್ಜನ್ಯ ನಮ್ಮ ಆಟದ ವಸ್ತುವೇ ಅಲ್ಲ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ಪುರುಷ ಪಾತ್ರ ಬಂಡೆ ಹತ್ತುವಾಗ ಆಡುವವನಿಗೆ ತಾನೇ ಹತ್ತಿದಂತೆ ಅನ್ನಿಸುತ್ತದಂತೆ. ಹೆಣ್ಣು ಹತ್ತಿದರೆ ಮಾತ್ರ ಕೆಳಗೆ ನಿಂತು ಕೈಯೊಡ್ಡಬೇಕು ಅನ್ನಿಸುತ್ತದಂತೆ. ಅಂದು ಒಂಬತ್ತು ಸಲ ಬಿದ್ದು ಹತ್ತನೆಯ ಸಲ ಹಾರಿದ ನಾನು ಯಾರನ್ನೂ ಕಾಪಾಡುತ್ತಿರಲಿಲ್ಲ ಸ್ವಾಮಿ. ಹಾರಿದವಳು ನಾನೇ.

ಇಲ್ಲಿಂದ ಅಭಿಮಾನಿಗಳು ಎರಡು ಪಾಳಯವಾದರು. ಹಳೆಯ ಪಾಳಯದವರು, ಧೀರೆಯನ್ನು ಹಿಡಿದು ನಡುಗುವ ಹುಡುಗಿ ಮಾಡಿದರು, ಮೂರು ಆಟ ಮುಗಿದರೂ ಅವಳು ದೊಡ್ಡವಳಾಗಲೇ ಇಲ್ಲ ಎಂದರು. ಹೊಸ ಪಾಳಯದವರು, ಹಳೆಯವಳು ಗಂಡಸರ ಕಣ್ಣಿಗಾಗಿ ಮಾಡಿದ ಗೊಂಬೆ, ಇವಳಿಗೆ ಭಯವಿದೆ, ಸ್ನೇಹಿತೆಯರಿದ್ದಾರೆ, ಮೈಮುಚ್ಚುವ ಬಟ್ಟೆಯಿದೆ ಎಂದರು. ಎರಡರಲ್ಲೂ ಸತ್ಯವಿದೆ. ಹೊಸ ಕಥೆಯನ್ನು ಬರೆದವರು ರಿಯಾನಾ ಪ್ರಾಚೆಟ್, ಒಬ್ಬ ಹೆಣ್ಣುಮಗಳು ಎಂಬುದನ್ನೂ ಮರೆಯಬಾರದು. ನನ್ನ ತಂಗಿಯ ಮಗ ಅವಳ ನೋವನ್ನು ಕಂಡು ಮರುಗುವುದು ತಪ್ಪೆಂದು ನಾನು ಹೇಳಲಾರೆ. ಗಂಡುಮಕ್ಕಳು ಮರುಗುವುದನ್ನು ಕಲಿಯಲಿ ಎಂದೇ ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ.

ಆದರೂ ನನ್ನ ತಕರಾರಿದೆ. ಗಟ್ಟಿಯಾಗಿಯೇ ಇದೆ. ಅದನ್ನು ಹೇಳುವ ಮೊದಲು ನಮ್ಮ ಶಾಲೆಯ ಹಿಂದಿ ಮೇಡಂ ಕಥೆ ಹೇಳಬೇಕು.

ಹಿಂದಿ ಮೇಡಂ ನನಗಿಂತ ಚಿಕ್ಕವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಕೂಟರ್ ಕೊಂಡರು. ಭಾನುವಾರ ಬಂದರೆ ಒಬ್ಬರೇ ಜೋಗದ ಕಡೆಗೋ ಇಕ್ಕೇರಿಯ ಕಡೆಗೋ ಹೋಗಿ ಸಂಜೆ ಬರುತ್ತಿದ್ದರು. ಯಾಕೆ ಎಂದು ಕೇಳಿದರೆ "ಸುಮ್ಮನೆ" ಎನ್ನುತ್ತಿದ್ದರು. ಬೀದಿ ಅವರಿಗೆ ಇಟ್ಟ ಹೆಸರು ಗಂಡುಬೀರಿ. ಎಂಟು ವರ್ಷದ ಮೇಲೆ ಅವರ ಗಂಡ ತೀರಿಕೊಂಡರು. ಎರಡು ಮಕ್ಕಳನ್ನು ಕಟ್ಟಿಕೊಂಡು ಅದೇ ಮೇಡಂ ಅದೇ ಸ್ಕೂಟರಿನಲ್ಲಿ ಆಸ್ಪತ್ರೆ, ಬ್ಯಾಂಕು, ಕೋರ್ಟು ಎಂದು ಓಡಾಡಿದರು. ಈಗ ಅದೇ ಬೀದಿ ಹೇಳುತ್ತದೆ: ಎಂಥ ಗಟ್ಟಿಗಿತ್ತಿ! ಅವರು ಬದಲಾಗಲಿಲ್ಲ, ಸ್ಕೂಟರೂ ಬದಲಾಗಲಿಲ್ಲ. ನಡುವೆ ಬಂದದ್ದು ಒಂದು ಸಾವು. ಗಂಡುಬೀರಿ ಗಟ್ಟಿಗಿತ್ತಿಯಾಗಬೇಕಾದರೆ ಮೊದಲು ಅವಳ ಮೇಲೆ ಒಂದು ಬಂಡೆ ಬೀಳಬೇಕು. ಸುಂಕ ಕಟ್ಟಿದ ಮೇಲೆಯೇ ಗೇಟು ತೆಗೆಯುವುದು.

2013ರಲ್ಲಿ ಲಾರಾಳಿಗೆ ಆದದ್ದು ಇದೇ. 1996ರ ಹುಡುಗಿ ಗಂಡುಬೀರಿ. ಅವಳಿಗೆ ಕಾರಣ ಬೇಡ, ಅಪ್ಪಣೆ ಬೇಡ. ಹೊಸಬರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವಳನ್ನು ದ್ವೀಪಕ್ಕೆ ಎಸೆದು, ಚುಚ್ಚಿ, ಸುಟ್ಟು, ಸ್ನೇಹಿತರನ್ನು ಕಣ್ಣೆದುರೇ ಕೊಂದು, ಇನ್ನು ನೀನು ಗಟ್ಟಿಗಿತ್ತಿ, ಹೋಗು ಎಂದರು. 2015ರ ಎರಡನೆಯ ಆಟದಲ್ಲಿ ತೀರಿಹೋದ ತಂದೆಯ ಅರ್ಧಕ್ಕೆ ನಿಂತ ಕೆಲಸ ಪೂರೈಸಲು ಹೊರಡುತ್ತಾಳೆ. ಅದಕ್ಕೂ ಮೊದಲು, 2006ರ ಕಥೆಯಲ್ಲಿ, ಬಾಲ್ಯದಲ್ಲಿ ಕಳೆದುಹೋದ ತಾಯಿಯ ನೆನಪು ಹೊತ್ತು ಹೊರಟಿದ್ದಳು. ಒಮ್ಮೆ ಅಮ್ಮನಿಗಾಗಿ, ಒಮ್ಮೆ ಅಪ್ಪನಿಗಾಗಿ. ತನಗಾಗಿ ಹೋಗುವುದನ್ನು ಮಾತ್ರ ಅವಳ ಕೈಯಿಂದ ಕಿತ್ತುಕೊಂಡರು.

"ಹಾಗಲ್ಲ ದೊಡ್ಡಮ್ಮ, ಹಳೇ ಕಥೇಲೂ ವಿಮಾನ ಬಿದ್ದಿತ್ತಲ್ಲ" ಎಂದ ಪ್ರಣವ್. ಹುಡುಗ ಚೂಟಿ. ಹೌದು, ಡರ್ಬಿಯವರು ಬರೆದ ಕಥೆಯಲ್ಲಿ ಲಾರಾ ಶ್ರೀಮಂತರ ಮಗಳು. ಒಬ್ಬ ದೊಡ್ಡ ಮನೆತನದವನ ಜೊತೆ ಮದುವೆ ಗೊತ್ತಾಗಿತ್ತು. ಹಿಮಾಲಯದಲ್ಲಿ ವಿಮಾನ ಬಿದ್ದು ಇವಳೊಬ್ಬಳೇ ಉಳಿದು, ನಡೆದೇ ಊರು ಸೇರಿದಳು. ಮನೆಗೆ ಬಂದ ಮೇಲೆ ಆ ಬೆಳ್ಳಿ ತಟ್ಟೆಯ ಬದುಕು ಉಸಿರುಗಟ್ಟಿಸಿತು. ಬಿಟ್ಟು ಹೊರಟಳು. ಮನೆಯವರು ಕೈಬಿಟ್ಟರು. ಪ್ರವಾಸದ ಪುಸ್ತಕ ಬರೆದು ಹೊಟ್ಟೆ ಹೊರೆದುಕೊಂಡಳು. ವ್ಯತ್ಯಾಸ ಗಮನಿಸಿ. ಆ ಅಪಘಾತ ಅವಳನ್ನು ಗಟ್ಟಿ ಮಾಡಲಿಲ್ಲ. ಒಬ್ಬಳೇ ನಡೆಯುವುದು ತನಗೆ ಎಷ್ಟು ಇಷ್ಟ ಎಂದು ಗೊತ್ತು ಮಾಡಿಕೊಟ್ಟಿತು. ಒಂದು ಕಥೆಯಲ್ಲಿ ಹೆಣ್ಣಿಗೆ ಆಸೆ ಸಿಕ್ಕಿತು. ಇನ್ನೊಂದರಲ್ಲಿ ಗಾಯ ಸಿಕ್ಕಿತು. ಎರಡೂ ಒಂದೇ ಎಂದರೆ ನಾನು ಒಪ್ಪುವವಳಲ್ಲ.

ನೀವೇ ಯೋಚಿಸಿ ನೋಡಿ. ನಮ್ಮ ಮನೆಗಳಲ್ಲಿ ಹೆಂಗಸು ಹೊಸ್ತಿಲು ದಾಟಬೇಕಾದರೆ ಒಂದು ಕಾರಣ ಬೇಕು. ಮಗಳ ಬಾಣಂತನ, ಅತ್ತೆಯ ಕಣ್ಣಿನ ಆಪರೇಷನ್ನು, ಮದುವೆ ಮುಂಜಿ, ಸಾವು, ಇಲ್ಲವೇ ಹರಕೆ. ಬೇರೆಯವರ ಕಷ್ಟ ಅಥವಾ ದೇವರು, ಎರಡರಲ್ಲೊಂದು ಜೊತೆಗಿರಬೇಕು. 1993ರಲ್ಲಿ ಶಿವಮೊಗ್ಗದಲ್ಲಿ ಬಿ.ಎಡ್. ಓದುವಾಗ ಗೆಳತಿಯರೆಲ್ಲ ಕೊಡಚಾದ್ರಿ ಹತ್ತಲು ಹೊರಟರು. ನನಗೂ ಆಸೆ. ಅಪ್ಪಯ್ಯ ಬೇಡ ಎಂದರು. ಬೆಟ್ಟದ ಮೇಲೆ ಏನಿದೆ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದರು: "ಕೊಲ್ಲೂರಿಗೆ ಹರಕೆ ಅಂತ ಹೇಳೇ. ಹಾಗೇ ಹತ್ತಿ ಬಾ." ಹರಕೆ ಎಂದ ಕೂಡಲೇ ಅಪ್ಪಯ್ಯ ಬಸ್ಸಿನ ದುಡ್ಡನ್ನೂ ಕೊಟ್ಟರು. ಹೋದೆ, ದೇವಿಯ ದರ್ಶನ ಮಾಡಿದೆ, ಬೆಟ್ಟವನ್ನೂ ಹತ್ತಿದೆ. ಮೇಲೆ ನಿಂತು ಪಡುವಣದಲ್ಲಿ ಮಂಜು ಏಳುವುದನ್ನು ನೋಡುವಾಗ ಮೂಕಾಂಬಿಕೆಯ ಹೆಸರಿನಲ್ಲಿ ಸುಳ್ಳಾಡಿದೆನಲ್ಲ ಎಂದು ಮನಸ್ಸು ಕುಟುಕುತ್ತಿತ್ತು. ಆ ಸುಳ್ಳು ನನ್ನದಾಗಿರಲಿಲ್ಲ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಬೆಟ್ಟದ ಮೇಲೆ ಏನಿದೆ ಎಂದು ಮಗಳನ್ನು ಕೇಳಿ, ಮಗನನ್ನು ಕೇಳದವರದ್ದು ಅದು.

ಆದ್ದರಿಂದ ಆಟ ಮಾಡುವವರಿಗೆ ನನ್ನ ಮೊದಲನೆಯ ಮಾತು. ನೋವು ತೋರಿಸಿ, ಬೇಡ ಎನ್ನುವುದಿಲ್ಲ. ಬಿದ್ದರೆ ಮೈ ತರಚುತ್ತದೆ, ಹೆದರಿಕೆಯಾದರೆ ಕೈ ನಡುಗುತ್ತದೆ. ಆದರೆ ನೋವನ್ನು ಅವಳ ಅರ್ಹತಾ ಪತ್ರ ಮಾಡಬೇಡಿ. ಹೆಣ್ಣು ಪೆಟ್ಟು ತಿಂದರೆ ಮಾತ್ರ ಮನುಷ್ಯಳಾಗುತ್ತಾಳೆ ಎಂಬ ಪಾಠವನ್ನು ನಮ್ಮ ಅತ್ತೆ ಅಜ್ಜಿಯರ ಕಾಲದಿಂದ ಕೇಳಿ ಸಾಕಾಗಿದೆ. ಅದನ್ನು ಕಲಿಯಲು ದುಡ್ಡು ಕೊಟ್ಟು ಪರದೇಶದ ಆಟ ತರಿಸಬೇಕಾಗಿಲ್ಲ.

ಎರಡನೆಯ ಮಾತು ಹಳೆಯ ಪಾಳಯದವರಿಗೆ. ನಿಮ್ಮ ಹಳೆಯ ಲಾರಾಳ ಮೇಲೆ ನನಗೂ ಪ್ರೀತಿ. ಆದರೆ ಅವಳ ಹೆಸರಿನಲ್ಲಿ ನೀವು ಎತ್ತಿದ ದನಿಯಲ್ಲಿ ಎಷ್ಟು ಪಾಲು ಧೈರ್ಯಕ್ಕಾಗಿ, ಎಷ್ಟು ಪಾಲು ಎದೆಯಳತೆಗಾಗಿ? 2018ರಲ್ಲಿ ಹೊಸ ಕಥೆ ಸಿನಿಮಾ ಆಗಿ ಅಲಿಸಿಯಾ ವಿಕಂದರ್ ಲಾರಾಳಾದಾಗ, ಅವಳ ಎದೆ ಲಾರಾಳಿಗೆ ಸಾಲದು ಎಂದು ಸಾರ್ವಜನಿಕವಾಗಿ ಬರೆದ ಗಂಡಸರಿದ್ದರು. ಆ ಹುಡುಗಿ ಪಾತ್ರಕ್ಕಾಗಿ ಮೈಯನ್ನು ಪಳಗಿಸಿದ್ದಳು. ಅದು ಅವರ ಕಣ್ಣಿಗೆ ಬೀಳಲಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು "ಹುಡುಗಿ ಸ್ವಲ್ಪ ತೆಳ್ಳಗಾದಳು" ಎಂದು ಹೇಳಿ ಹೋಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇಂಥವರ ಬಾಯಲ್ಲಿ ಧೀರೆ ಎಂಬ ಮಾತು ಕೇಳಿದರೆ ನನಗೆ ನಂಬಿಕೆ ಬರುವುದಿಲ್ಲ. ಎರಡನೆಯ ಆಟದ ಕೊನೆಯ ಗುಂಡು ತಮಗೇ ಎಂದು ಅವರು ಇನ್ನೂ ತಿಳಿದಿಲ್ಲ.

ಮೂರನೆಯದು ದುಡ್ಡಿನ ಮಾತು. ಅಭಿಮಾನಿಗಳು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿರುವಾಗ ಆಚೆ ವ್ಯಾಪಾರ ನಡೆದೇ ಇತ್ತು. 2013ರ ಆಟ ಮೊದಲ ನಾಲ್ಕು ವಾರದಲ್ಲಿ 34 ಲಕ್ಷ ಪ್ರತಿ ಮಾರಾಟವಾಯಿತು. ಅದರ ಆಗಿನ ಒಡೆಯರಾದ ಜಪಾನಿನ ಸ್ಕ್ವೇರ್ ಎನಿಕ್ಸ್‌ನವರು, ಇದು ನಿರೀಕ್ಷೆಗೆ ಕಡಿಮೆ ಎಂದರು! ಮುಂದೆ ಅದು ಒಂದು ಕೋಟಿ ದಾಟಿತು ಅನ್ನಿ. 2015ರ ಆಟವನ್ನು ಮೊದಲು ಒಂದೇ ಕಂಪನಿಯ ಯಂತ್ರದಲ್ಲಿ ಮಾತ್ರ ಆಡುವಂತೆ ಒಪ್ಪಂದ ಮಾಡಿಕೊಂಡರು. ಇನ್ನೊಂದು ಕಂಪನಿಯ ಯಂತ್ರ ಕೊಂಡಿದ್ದವರು ಸುಮಾರು ಒಂದು ವರ್ಷ ಕಾಯಬೇಕಾಯಿತು. 2018ರ ಆಟಕ್ಕೆ ಸುಮಾರು ಒಂದು ತಿಂಗಳಿಗೇ ಬೆಲೆ ಇಳಿಸಿದರು. ಮೊದಲ ದಿನವೇ ಪೂರ್ತಿ ಬೆಲೆ ಕೊಟ್ಟವರು ಮೋಸ ಹೋದೆವೆಂದು ಸಿಟ್ಟಾಗಿ ಆಟ ಕೆಟ್ಟದೆಂದು ಸಾಲುಸಾಲು ಬರೆದರು. 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್ ಎಂಬವರು, ಲಾರಾಳ ಕಂಪನಿ ಮತ್ತು ಇನ್ನೆರಡು ಕಂಪನಿಗಳನ್ನು ಆಟಗಳ ಹಕ್ಕಿನ ಸಮೇತ 30 ಕೋಟಿ ಡಾಲರಿಗೆ ಕೊಂಡರು. ಇಂಗ್ಲೆಂಡಿನ ತವರು, ಅಮೆರಿಕದ ಗಂಡನ ಮನೆ, ಜಪಾನಿನ ಯಜಮಾನರು, ಆಮೇಲೆ ಸ್ವೀಡನ್ನಿಗೆ ಮಾರಾಟ. ಲಾರಾ ನನ್ನವಳು, ಅಲ್ಲ ನನ್ನವಳು ಎಂದು ಕಿತ್ತಾಡುವ ಮಕ್ಕಳು ಇದನ್ನು ಒಮ್ಮೆ ಓದಿಕೊಳ್ಳಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸನ್ನು ಮಾರಿದವನು ಜಗಳದಲ್ಲಿ ಇರಲೇ ಇಲ್ಲ.

ನಾಲ್ಕನೆಯದು ಸಮಾಜ ಟೀಚರಿನ ಮಾತು. ಲಾರಾಳ ಧೈರ್ಯ ಮೆಚ್ಚುವ ನಾನು ಅವಳ ಕೈಯನ್ನು ಮೆಚ್ಚಲಾರೆ. 1998ರ ಮೂರನೆಯ ಆಟ ಶುರುವಾಗುವುದು ಭಾರತದ ಕಾಡಿನಲ್ಲಿ. ಹುಲಿಗಳನ್ನು ಹೊಡೆಯುತ್ತಾಳೆ, ಪಾಳುಬಿದ್ದ ದೇವಾಲಯಕ್ಕೆ ನುಗ್ಗುತ್ತಾಳೆ. ಅಲ್ಲಿ ಹಲವು ಕೈಗಳ ಕಲ್ಲಿನ ವಿಗ್ರಹಗಳು ಜೀವ ತಳೆದು ಕತ್ತಿ ಬೀಸುತ್ತವೆ. ಅವಕ್ಕೂ ಗುಂಡು. ಒಂಬತ್ತು ವರ್ಷದ ಚೈತ್ರಾ ಅಂದು ನನ್ನನ್ನು ಕೂಗಿ ಕರೆದು "ಅಮ್ಮಾ, ಇದು ಇಕ್ಕೇರಿ ಥರ ಇದೆ, ಇಲ್ಲಿರೋದನ್ನ ಅವಳು ಯಾಕೆ ತಗೊಂಡು ಹೋಗ್ತಾಳೆ?" ಎಂದು ಕೇಳಿದ್ದಳು. ನಾನು ಪ್ರತಿ ವರ್ಷ ಮಕ್ಕಳನ್ನು ಕೆಳದಿ, ಇಕ್ಕೇರಿ, ಬಳ್ಳಿಗಾವಿಗೆ ಕರೆದುಕೊಂಡು ಹೋಗಿ, ಶಾಸನದ ಕಲ್ಲಿನ ಮೇಲೆ ಕೂರಬೇಡಿ, ಹೆಸರು ಕೆತ್ತಬೇಡಿ ಎಂದು ಗಂಟಲು ಹರಿದುಕೊಳ್ಳುವವಳು. ಮಗಳಿಗೆ ಆ ದಿನ ನೆಟ್ಟಗೆ ಉತ್ತರ ಕೊಡಲಿಲ್ಲ. ಆಟ ತಾನೇ ಎಂದುಬಿಟ್ಟೆ.

ಮೊದಲ ಮೂರು ಆಟಗಳನ್ನು 2024ರ ಫೆಬ್ರವರಿಯಲ್ಲಿ ಚಿತ್ರ ತಿದ್ದಿ ಮತ್ತೆ ಬಿಡುಗಡೆ ಮಾಡಿದಾಗ, ಬೇರೆ ಜನರನ್ನು ಬೇರೆ ಸಂಸ್ಕೃತಿಗಳನ್ನು ಇಲ್ಲಿ ಕೀಳಾಗಿ ತೋರಿಸಿದ್ದುಂಟು, ಅದು ಆಗಲೂ ತಪ್ಪೇ ಎಂಬ ಎಚ್ಚರಿಕೆಯ ಮಾತನ್ನು ಮೊದಲಲ್ಲೇ ಹಾಕಿದರು. ಆಟವನ್ನು ಅಳಿಸಲಿಲ್ಲ, ತಪ್ಪನ್ನು ಮುಚ್ಚಲಿಲ್ಲ. ಅದಕ್ಕೂ ಒಂದು ಪಾಳಯ ರೇಗಿತು. ರೇಗುವುದು ಯಾಕೋ ನನಗೆ ತಿಳಿಯದು. ಹಳೆಯ ಪಠ್ಯಪುಸ್ತಕದಲ್ಲಿ ತಪ್ಪಿದ್ದರೆ ಪುಟ ಹರಿಯುವುದಿಲ್ಲ, ಅಂಚಿನಲ್ಲಿ ಗುರುತು ಹಾಕಿ ಪಾಠ ಮಾಡುತ್ತೇವೆ. ಅವರು ಮಾಡಿದ್ದೂ ಅಷ್ಟೇ.

ಇನ್ನು ಮುಂದಿನ ಮಾತು. 2025ರ ಡಿಸೆಂಬರಿನಲ್ಲಿ ಎರಡು ಹೊಸ ಆಟಗಳನ್ನು ಘೋಷಿಸಿದರು. ಒಂದು 1996ರ ಮೊದಲ ಆಟದ ಹೊಸ ರೂಪ, 2026ಕ್ಕೆ ಎಂದು ಆಗ ಹೇಳಿದರು. ಇನ್ನೊಂದು 2027ಕ್ಕೆ. ಅದರ ಕಥೆ ನಡೆಯುವುದು ಉತ್ತರ ಭಾರತದಲ್ಲಿ. ಸಂಕ್ರಾಂತಿಯ ಜಗಳಕ್ಕೆ ಕಿಡಿ ಹೊತ್ತಿಸಿದ್ದು ಈ ಸುದ್ದಿಯೇ. ಹಳೆಯ ಲಾರಾಳನ್ನೂ ಹೊಸ ಲಾರಾಳನ್ನೂ ಒಂದೇ ಬದುಕಿನ ಎಳೆಯಾಗಿ ಸೇರಿಸುತ್ತೇವೆ ಎಂದು ಅವರು 2021ರಲ್ಲೇ ಹೇಳಿದ್ದರು. ಸೇರಿಸಲಿ. ನಡುಗಿದ ಹುಡುಗಿ ಮುಂದೆ ನಡುಗದವಳಾಗಲಿ, ಅದರಲ್ಲಿ ವಿರೋಧವೇನೂ ಇಲ್ಲ. ನನ್ನ ಕೋರಿಕೆ ಎರಡೇ. ಈ ಸಲ ಇನ್ನೊಂದು ಗಾಯವನ್ನು ಅವಳ ಕೈಗೆ ಟಿಕೆಟಿನಂತೆ ಕೊಟ್ಟು ಕಳಿಸಬೇಡಿ. ಮತ್ತೆ, ನಮ್ಮ ಗುಡಿಯೊಳಗೆ ಬಂದಾಗ ಅಲ್ಲಿರುವುದನ್ನು ನೋಡಿ, ಓದಿ, ಇದ್ದಲ್ಲೇ ಇಟ್ಟು ಹೋಗಲು ಕಲಿಸಿ. ಅದೂ ಸಾಹಸವೇ. ಎತ್ತಿಕೊಂಡು ಹೋಗುವುದಕ್ಕಿಂತ ಕಷ್ಟದ ಸಾಹಸ.

ಇಷ್ಟನ್ನೂ ನಾನು ನಡುಮನೆಯಲ್ಲಿ ನಿಂತು, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಪ್ರಣವ್ ಸುಮ್ಮನಾದ. ಒಪ್ಪಿದನೆಂದಲ್ಲ, ಹಿರಿಯಳು ಎಂಬ ಮರ್ಯಾದೆಗೆ. ಚೈತ್ರಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಅಮ್ಮ, ಹೋದ ದೀಪಾವಳಿಗೆ ನಾನೇನು ಕೇಳಿದ್ದೆ ನೆನಪಿದೆಯಾ?"

ನೆನಪಿತ್ತು. ಬ್ಯಾಂಕಿನ ಕೆಲಸಕ್ಕೆ ಹದಿನೈದು ದಿನ ರಜೆ ಹಾಕಿ ಹಿಮಾಚಲಕ್ಕೆ ಚಾರಣ ಹೋಗುತ್ತೇನೆ ಎಂದಿದ್ದಳು. ಗೊತ್ತಿರುವವರು ಯಾರೂ ಜೊತೆಗಿಲ್ಲ. ಯಾಕೆ ಎಂದಿದ್ದೆ. ಸುಮ್ಮನೆ ಎಂದಿದ್ದಳು. ಇಪ್ಪತ್ತೆಂಟು ವರ್ಷದ ಹುಡುಗಿ ಸುಮ್ಮನೆ ಹೋಗುವುದು ಅಂದರೇನು, ಜನ ಏನಂದಾರು, ಯಾರಾದರೂ ಜೊತೆಗಿದ್ದರೆ ನೋಡೋಣ ಎಂದು ಮಾತು ಮುಗಿಸಿದ್ದೆ. ಅದಕ್ಕೆರಡು ತಿಂಗಳ ಹಿಂದೆ ನಮ್ಮ ನೆಂಟರ ಹುಡುಗಿಯೊಬ್ಬಳು ವಿಚ್ಛೇದನದ ನೋವು ಕಳೆಯಲೆಂದು ಒಬ್ಬಳೇ ಬದರಿಗೆ ಹೋಗಿ ಬಂದಾಗ, ಎಷ್ಟು ಧೈರ್ಯ ನೋಡು ಎಂದು ಇದೇ ಬಾಯಲ್ಲಿ ಹೊಗಳಿದ್ದೆ. ಮಗಳು ಅದನ್ನು ಎತ್ತಿ ಆಡಲಿಲ್ಲ. ಎತ್ತಬೇಕಾಗಿರಲಿಲ್ಲ.

ಗೆಳತಿಯರೇ, ಬೇರೆಯವರ ಮೇಲೆ ತಕರಾರು ಬರೆಯುವುದು ಸುಲಭ. ಕ್ಯಾಲಿಫೋರ್ನಿಯಾದವರು ತಪ್ಪು, ಡರ್ಬಿಯ ಜಾಹೀರಾತಿನವರು ತಪ್ಪು, ಅಭಿಮಾನಿಗಳು ತಪ್ಪು. ನನ್ನ ಮಗಳಿಗೆ ಒಂದು ಗಾಯವಾಗಿದ್ದರೆ ಅವಳನ್ನು ಕಳಿಸುತ್ತಿದ್ದೆ. ಗಾಯವಿಲ್ಲದೆ ನಗುನಗುತ್ತ ಕೇಳಿದಳೆಂದು ಬೇಡ ಎಂದೆ. 1993ರಲ್ಲಿ ಅಮ್ಮ ನನ್ನ ಕಿವಿಯಲ್ಲಿ ಹೇಳಿದ ಸುಳ್ಳನ್ನಾದರೂ ನಾನು ಮಗಳಿಗೆ ಹೇಳಿಕೊಡಲಿಲ್ಲ. ನಿಜ ಹೇಳಿದವಳಿಗೆ ಬಾಗಿಲು ಹಾಕಿದೆ.

ಅಪಾಯ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಕಾರಣವಿಟ್ಟುಕೊಂಡು ಹೋದವಳಿಗೂ ಅಷ್ಟೇ ಅಪಾಯ ಇದೆ. ಹರಕೆ ಹೊತ್ತವಳಿಗೆ ರಸ್ತೆ ಬೇರೆ ಇರುವುದಿಲ್ಲ. ಹೋಗುವ ದಾರಿ, ಉಳಿಯುವ ಜಾಗ, ಕರೆದುಕೊಂಡು ಹೋಗುವವರು ಯಾರು ಎಂದು ಕೇಳುವ ಹಕ್ಕು ತಾಯಿಗಿದೆ. ಅದನ್ನೆಲ್ಲ ಅವಳು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನಿನಗೆ ಅಂಥ ಕಷ್ಟ ಏನು ಬಂತು ಎಂದು ಕೇಳುವ ಹಕ್ಕು ಮಾತ್ರ ನನಗಿಲ್ಲ ಎಂದು ಈಗ ಒಪ್ಪಿಕೊಂಡಿದ್ದೇನೆ.

ಮರುದಿನ ಎಳ್ಳು ಬೀರಲು ಪಕ್ಕದ ಮನೆಗೆ ಹೋದೆ. ಮಗಳು ಹಿಮಾಚಲಕ್ಕೆ ಹೋಗುವ ಸುದ್ದಿ ಅಷ್ಟರಲ್ಲೇ ಅಲ್ಲಿ ತಲುಪಿತ್ತು.

"ಹೌದೇನ್ರೀ ಟೀಚರೇ, ಒಬ್ಬಳೇ ಅಂತೆ? ಏನಾದ್ರೂ ಹರಕೆನಾ?"

ಒಂದು ಕ್ಷಣ ಹೂಂ ಎನ್ನುವ ಆಸೆಯಾಯಿತು. ಅಭ್ಯಾಸ ನೋಡಿ.

"ಇಲ್ಲ ರೀ" ಎಂದೆ, "ಸುಮ್ಮನೆ."